ಹಾಲಿಡೇ ಮೆಂಬರ್‌ಶಿಪ್ ತಗೊಳ್ಳೋದಾ ಬೇಡ್ವಾ, ತಗೊಂಡಿರೋರು ಹೇಳಿ

ವಿಜಯನಗರ, ಮೈಸೂರಿಂದ:
ಮಾಲ್‌ನಲ್ಲಿ ಒಂದು ಕೂಪನ್ ತುಂಬ್ಸಿದ್ದೇ ತಪ್ಪಾಯ್ತು, ಈಗ ದಿನಾ ಫೋನು, ಗಂಡ ಹೆಂಡ್ತಿ ಇಬ್ರೂ ಬನ್ನಿ ಊಟ ಫ್ರೀ ಅಂತ. 25 ವರ್ಷದ ಸ್ಕೀಮು, ಮೊದ್ಲೇ ದುಡ್ಡು ಕಟ್ಟಿದ್ರೆ ವರ್ಷಕ್ಕೆ 7 ರಾತ್ರಿ ಅವ್ರ ರೆಸಾರ್ಟಲ್ಲಿ ಉಳ್ಕೋಬೋದಂತೆ. ನಮ್ಮೆಜಮಾನ್ರಿಗೆ ಮನಸ್ಸಿದೆ, ನಂಗೆ ಡೌಟು. ಮಕ್ಕಳು ಇನ್ನೂ ಪ್ರೈಮರಿ. ಅನುಭವ ಇರೋರು ಹೇಳಿ.

ಕುವೆಂಪುನಗರದಿಂದ:
ಮೇಡಂ, ನಮ್ಮಪ್ಪ 2004ರಲ್ಲಿ ತಗೊಂಡ್ರು, ನಾನಾಗ ಪಿಯುಸಿ. ಬ್ಯಾಂಕ್ ಕೆಲಸದೋರು, ಟೂರ್ ಅಂದ್ರೆ ಅವ್ರ ಲೆಕ್ಕದಲ್ಲಿ ನಂಜನಗೂಡು, ಜಾಸ್ತಿ ಅಂದ್ರೆ ಧರ್ಮಸ್ಥಳ, ಅದೂ ಹರಕೆ ಇದ್ರೆ. ಅಂಥೋರು ದುಡ್ಡು ಕಟ್ಬಿಟ್ಟಿದೀನಲ್ಲ ಅನ್ನೋ ಒಂದೇ ಸಂಕಟಕ್ಕೆ ವರ್ಷ ವರ್ಷ ರಜಾ ಹಾಕಿ ನಮ್ಮನ್ನ ಕರ್ಕೊಂಡು ಹೋದ್ರು. ಲೆಕ್ಕ ಹಾಕಿದ್ರೆ ಲಾಸೇ, ಆದ್ರೆ ಇದಿಲ್ದೆ ಅಪ್ಪ ಮನೆ ಬಿಟ್ಟು ಕದಲ್ತಿರ್ಲಿಲ್ಲ, ಅದೂ ನಿಜ.

ಮೊದಲ್ನೇ ಸಲ ಊಟಿಗೆ ಹೋದಾಗ ಅಮ್ಮ ರಾಗಿಹಿಟ್ಟು, ಮುದ್ದೆ ಕೋಲು, ಡಬ್ಬಿ ತುಂಬ ಬಸ್ಸಾರು ಎಲ್ಲ ಕಾರಿಗೆ ತುಂಬ್ಕೊಂಡ್ರು. ರೂಮಲ್ಲಿ ಪುಟ್ಟದೊಂದು ಅಡುಗೆಮನೆ, ಕರೆಂಟ್ ಒಲೆ ಮೇಲೆ ಪಾತ್ರೆ ನಿಲ್ತಾನೇ ಇಲ್ಲ, ಕೋಲು ಹಾಕಿ ತಿರುವಿದ್ರೆ ಪಾತ್ರೆನೂ ತಿರುಗುತ್ತೆ, ಕೊನೆಗೆ ಅಪ್ಪ ಟವೆಲ್ ಸುತ್ಕೊಂಡು ಎರಡೂ ಕೈಲಿ ಪಾತ್ರೆ ಹಿಡ್ಕೊಂಡು ನಿಂತ್ರು, ಅಮ್ಮ ತಿರುವಿದ್ರು. ಅಪ್ಪ ಒಲೆ ಹತ್ರ ನಿಂತಿದ್ದು ನಾನು ನೋಡಿದ್ದು ಅವತ್ತೇ ಮೊದಲು. ಈಗ ಎಷ್ಟೋ ಕಡೆ ರೂಮಲ್ಲಿ ಅಡುಗೆಗೆ ಬಿಡಲ್ಲ, ಅಲ್ಲೇ ತಿನ್ಬೇಕು, ನಾಲ್ಕು ಜನದ ಊಟದ ಬಿಲ್ ನೋಡಿದ್ರೆ ರೂಮ್ ಫ್ರೀ ಅನ್ನೋದು ಮರ್ತೋಗುತ್ತೆ.

ಇನ್ನು ಡೇಟ್ ವಿಷ್ಯ, ಇದನ್ನ ಅವ್ರು ಊಟ ಹಾಕುವಾಗ ಹೇಳಲ್ಲ. ಯಾವ ಸೀಸನ್‌ನಲ್ಲಿ ಹೋಗ್ಬೋದು ಅನ್ನೋದ್ರ ಮೇಲೆ ರೇಟು, ಅಪ್ಪ ಕಮ್ಮಿ ರೇಟಿನ ಸೀಸನ್ ತಗೊಂಡಿದ್ರು, ಕಮ್ಮಿ ಸೀಸನ್ ಅಂದ್ರೆ ಕೊಡಗಲ್ಲಿ ಜಡಿಮಳೆ. 2018 ಆಗಸ್ಟಲ್ಲಿ ಮಡಿಕೇರಿ ಬುಕ್ ಆಗಿತ್ತು, ಗುಡ್ಡ ಕುಸಿದು ರೋಡೇ ಹೋಯ್ತಲ್ಲ, ಆ ವಾರ. ದಸರಾ ರಜಕ್ಕೆ ರೂಮ್ ಸಿಕ್ಕಿದ್ದು ಇಷ್ಟು ವರ್ಷದಲ್ಲಿ ಎರಡೇ ಸಲ. ಒಂದ್ಸಲ ಸರಿಯಾಗಿ ತುಲಾ ಸಂಕ್ರಮಣಕ್ಕೆ ಕೂಡಿ ಬಂತು, ತಲಕಾವೇರೀಲಿ ತೀರ್ಥೋದ್ಭವ ನೋಡಿ ಅಜ್ಜಿ ಬಾಟ್ಲಲ್ಲಿ ತೀರ್ಥ ತುಂಬ್ಕೊಂಡು ಬಂದ್ರು. ಆ ವರ್ಷದ ಫೀಸ್ ಬಗ್ಗೆ ಮಾತ್ರ ಅಪ್ಪ ಗೊಣಗಲಿಲ್ಲ.

ಫೀಸು ಅಂದ್ರೆ, ಮೊದಲು ಕಟ್ಟೋ ದುಡ್ಡಲ್ದೆ ವರ್ಷಾ ಮೆಂಟೆನೆನ್ಸ್ ಬೇರೆ, ಅದ್ರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ನೀವು ಹೋಗಿ ಬಿಡಿ ಕಟ್ಲೇಬೇಕು. ನಮ್ದು ಶುರುವಿಗಿಂತ ಮೂರು ಪಟ್ಟಾಗಿದೆ, ಈಗ ಕಟ್ತಿರೋನು ನಾನು. ಪಾಲು, ಓನರ್‌ಶಿಪ್ ಅಂತೆಲ್ಲ ಹೇಳ್ತಾರೆ, ಅಗ್ರಿಮೆಂಟ್ ಓದಿ, ಸಾಮಾನ್ಯವಾಗಿ ಇಷ್ಟು ವರ್ಷ ಉಳ್ಕೊಳ್ಳೋ ಹಕ್ಕು ಅಷ್ಟೇ ಇರುತ್ತೆ, ಜಾಗ ನಿಮ್ಮ ಹೆಸರಿಗೆ ರಿಜಿಸ್ಟರ್ ಆಗಲ್ಲ.

ಊಟಿ ಕಡೆ ಹೋಗೋರಿಗೆ, ಬಂಡೀಪುರ ಗೇಟ್ ರಾತ್ರಿ 9ಕ್ಕೆ ಹಾಕಿದ್ರೆ ಬೆಳಿಗ್ಗೆ 6ಕ್ಕೇ ತೆಗೆಯೋದು, ನಾವೊಂದ್ಸಲ ಹತ್ತು ನಿಮಿಷ ಲೇಟಾಗಿ ಕಾರಲ್ಲೇ ಮಲಗಿದೀವಿ.

ಮಂಡ್ಯದಿಂದ:
ಅಕ್ಕ, ವ್ಯವಸಾಯದೋರಾದ್ರೆ ಬೇಡ್ವೇ ಬೇಡ. ನಾವು ತಿಂಗಳುಗಟ್ಲೆ ಮುಂಚೆ ಬುಕ್ ಮಾಡಿರ್ತೀವಿ, ಅಷ್ಟೊತ್ಗೆ ಕಬ್ಬು ಕಟಾವಿಗೆ ಬರುತ್ತೆ, ಆಳು ಸಿಕ್ಕಿದ್ ದಿನ ಬಿಟ್ಟು ಯಾರು ಹೋಯ್ತಾರೆ ಹೇಳಿ. ಐದು ವರ್ಷಕ್ಕೆ ಎರಡು ಸಲ ಹೋಗಿದೀವಿ, ಆದ್ರೂ ನಮ್ಮತ್ತೆ ಮೊದಲ ಸಲ ಸಮುದ್ರ ನೋಡಿದ್ದು ಅದ್ರಿಂದ್ಲೇ, ಸೀರೆ ನೆನೆದ್ರೂ ಮೇಲೆ ಬರ್ಲಿಲ್ಲ. ಮಾರೋಣ ಅಂತ ಆನ್‌ಲೈನಲ್ಲಿ ಹಾಕ್ದೋ, ಯಾರೋ ಫೋನ್ ಮಾಡಿ ಪಾರ್ಟಿ ರೆಡಿ ಅವ್ರೆ, ಟ್ರಾನ್ಸ್‌ಫರ್ ಚಾರ್ಜ್ ಮೊದ್ಲು ಹಾಕಿ ಅಂದ, ನಮ್ಮನೆಯೋರು ಹಾಕ್ಬಿಟ್ರು. ಆಮೇಲೆ ಆ ನಂಬರೇ ಇಲ್ಲ.

ವಿಜಯನಗರ, ಮೈಸೂರಿಂದ:
ಎಲ್ರಿಗೂ ಥ್ಯಾಂಕ್ಸ್. ಭಾನುವಾರ ಬರಲ್ಲ ಅಂತ ಅವ್ರಿಗೆ ಹೇಳ್ಬಿಟ್ಟೆ. ಯಜಮಾನ್ರಿಗೆ ಪೂರ್ತಿ ಓದಿ ಹೇಳಿದ್ರೆ ಮುದ್ದೆ ಕತೆ ಮಾತ್ರ ಇನ್ನೊಂದ್ಸಲ ಓದು ಅಂದ್ರು. ಅಲ್ಲ ಸರ್, ಕರೆಂಟ್ ಒಲೇಲಿ ಗಂಟಾಗ್ಲಿಲ್ವಾ?

ಕುವೆಂಪುನಗರದಿಂದ:
ಆಯ್ತು ಮೇಡಂ. ತಿಂದ್ವಿ.