ಗೊಂಬೆ ಜೊತೆ ಇಡುವ ರಾಫೆಲ್ಸ್ ಹೋಟೆಲ್ ತಟ್ಟೆ: ಇದು ಬೋನ್ ಚೈನಾನಾ?

ಗಾಂಧಿಬಜಾರ್ ವಾಣಿ:
ನಮಸ್ಕಾರ. ಒಂದು ತಟ್ಟೆಯಿಂದಾಗಿ ವಾರದಿಂದ ನಮ್ಮ ಮನೆಯಲ್ಲಿ ಚರ್ಚೆಯೋ ಚರ್ಚೆ.

ಸೋದರತ್ತೆ ಸಿಂಗಪುರದಲ್ಲಿದ್ದರು. 1987ರಲ್ಲಿ ಬಂದಾಗ ಈ ಪಿಂಗಾಣಿ ತಟ್ಟೆ ತಂದರು. ಅಲ್ಲಿನ ರಾಫೆಲ್ಸ್ ಹೋಟೆಲ್‌ಗೆ ನೂರು ತುಂಬಿದ ನೆನಪಿಗೆ ಮಾಡಿದ್ದು. ನಡುವೆ ಬಿಳಿ ಕಟ್ಟಡ, ಮುಂದೆ ಬೀಸಣಿಗೆ ಬಿಚ್ಚಿಟ್ಟ ಹಾಗೆ ಒಂದು ಮರ, ಕೆಳಗೆ 1887–1987, ಅಂಚಿಗೆ ಚಿನ್ನದ ಗೆರೆ. "ಹೋಟೆಲ್ ತಟ್ಟೆ ಬಂತು, ಇಡ್ಲಿ ಎಲ್ಲಿ?" ಅಂತ ಅಪ್ಪ ನಕ್ಕಿದ್ದು ಇನ್ನೂ ನೆನಪಿದೆ.

ಅದರಲ್ಲಿ ಯಾರೂ ಏನೂ ತಿಂದಿಲ್ಲ. ದಸರಾದಲ್ಲಿ ಪಟ್ಟದ ಗೊಂಬೆಯ ಹಿಂದೆ ಅರಮನೆ ಅಂತ ನಿಲ್ಲಿಸುತ್ತೇವೆ. ಈ ಸಲ ಅಕ್ಕನ ಮಗ ತಟ್ಟೆ ತಿರುಗಿಸಿ, "ಅಜ್ಜೀ, ಇಂಥ ತಟ್ಟೆಗೆ ಮೂಳೆ ಹಾಕ್ತಾರಂತೆ" ಅಂದುಬಿಟ್ಟ. ಅಮ್ಮ ಕಲಶದ ಕಡೆ ನೋಡಿದರು, ನನ್ನ ಕಡೆ ನೋಡಿದರು. ತಟ್ಟೆ ಈಗ ವಾಷಿಂಗ್ ಮೆಷಿನ್ ಮೇಲಿದೆ.

ಹಿಂದುಗಡೆ ಕಿರೀಟದ ಗುರುತಿದೆ. 'ಫೈನ್', 'ಚೈನಾ' ಕಾಣುತ್ತವೆ. ನಡುವಿನ ಪದದ ಮೇಲೆ ಅಮ್ಮನೇ ಗೋಂದು ಹಚ್ಚಿ ಗೊಂಬೆ ಡಬ್ಬದ ನಂಬರ್ ಚೀಟಿ ಅಂಟಿಸಿದ್ದಾರೆ, 14 ಅಂತ. ಅದನ್ನು ಕೀಳದೆ ತಿಳಿಯಬಹುದಾ? ಇದಕ್ಕೆ ಬೆಲೆ ಏನಾದರೂ ಇದೆಯಾ? ಒಮ್ಮೆ ಬೆಳ್ಳಿ ಸಾಮಾನಿನ ಜೊತೆ ಇದನ್ನೂ ವಿಭೂತಿ ಹಾಕಿ ತಿಕ್ಕಿದ್ದೆ. ಚಿನ್ನದ ಗೆರೆ ಒಂದು ಕಡೆ ಮಾಸಿದೆ. ಬೈಯಬೇಡಿ.

ಯಶವಂತಪುರದ ಮಾಮ:
ವಾಣಿಯವರೇ, ನಮ್ಮಪ್ಪ ಟಾಟಾ ಇನ್‌ಸ್ಟಿಟ್ಯೂಟ್ ಹತ್ತಿರದ ಪಿಂಗಾಣಿ ಕಾರ್ಖಾನೆಯಲ್ಲಿದ್ದರು. ಅಲ್ಲಿ ಮಾಡುತ್ತಿದ್ದದ್ದು ಕಪ್ಪು ಸಾಸರ್ ಅಲ್ಲ, ಕರೆಂಟ್ ಲೈನಿನ ಇನ್ಸುಲೇಟರ್. ಆದರೂ ಮನೆಗೆ ಯಾವ ಬಸಿ ಬಂದರೂ ದೀಪಕ್ಕೆ ಹಿಡಿದು ನೋಡುವ ಚಟ ಅವರಿಗೆ. ನೀವೂ ಹಾಗೇ ಮಾಡಿ. ತಟ್ಟೆಯ ಹಿಂದೆ ಬೆರಳಿಡಿ. ಬೋನ್ ಚೈನಾ ಆದರೆ ಬೆರಳಿನ ನೆರಳು ಕಾಣುತ್ತದೆ. ಆದರೆ ತೆಳುವಾದ ಮಾಮೂಲಿ ಪೋರ್ಸೆಲಿನ್‌ನಲ್ಲೂ ಕಾಣಬಹುದು. ಆಗ ಬಣ್ಣ ನೋಡಿ. ಬೋನ್ ಚೈನಾ ಹಾಲಿನ ಕೆನೆಯಂಥ ಬಿಳಿ. ಇನ್ನೊಂದು ನೀಲಿ ಹಾಕಿ ಒಗೆದ ಪಂಚೆಯ ಬಿಳಿ.

ಮೂಳೆ ವಿಷಯ ಮುಚ್ಚಿಡುವುದಿಲ್ಲ. ಅದು ನಿಜ. ಇಂಗ್ಲೆಂಡಿನ ಹಳೇ ಲೆಕ್ಕದಲ್ಲಿ ಅರ್ಧ ಪಾಲು ಮೂಳೆ ಬೂದಿ, ಉಳಿದರ್ಧ ಚೈನಾ ಕ್ಲೇ ಮತ್ತು ಒಂದು ಜಾತಿಯ ಕಲ್ಲು. ಸಾಮಾನ್ಯವಾಗಿ ದನದ ಮೂಳೆಯೇ. ಅದನ್ನು ಸುಮಾರು 1000 ಡಿಗ್ರಿಯಲ್ಲಿ ಸುಡುತ್ತಾರೆ. ಮಾಂಸ, ಜಿಡ್ಡು ಏನೂ ಉಳಿಯುವುದಿಲ್ಲ, ಬರೀ ಬಿಳಿ ಬೂದಿ. ಅದನ್ನು ಅಮ್ಮ ಒಪ್ಪುತ್ತಾರೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು.

ಚೀಟಿಗೆ ಬ್ಲೇಡ್ ಹಾಕಬೇಡಿ. ಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆ ಹತ್ತು ನಿಮಿಷ ಇಡಿ, ಗೋಂದು ಬಿಡುತ್ತದೆ. ಮತ್ತೆ, ಚಿನ್ನದ ಗೆರೆಯಿದ್ದರೆ ಮೈಕ್ರೋವೇವ್‌ಗೆ ಇಡಬೇಡಿ, ಕಿಡಿ ಹಾರುತ್ತದೆ.

ಹಳೇ ಸಾಮಾನು ಪ್ರಿಯ:
ಬೆಲೆಯ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ ಮೇಡಂ. ಇಂಥ ನೆನಪಿನ ತಟ್ಟೆಗಳನ್ನು ಮಾರಾಟಕ್ಕೆಂದೇ ರಾಶಿ ರಾಶಿ ಮಾಡುತ್ತಾರೆ, ಕೊಂಡವರು ಜೋಪಾನವಾಗಿಯೂ ಇಡುತ್ತಾರೆ. ಹಾಗಾಗಿ ಅಪರೂಪ ಅಲ್ಲ. ಗೆರೆ ಮಾಸಿದ್ದರೆ ಇನ್ನೂ ಕಡಿಮೆ.

ಆದರೆ ನಿಮ್ಮ ತಟ್ಟೆಯಲ್ಲಿ ಒಂದು ಮಜಾ ಇದೆ. 1887ರಲ್ಲಿ ಸಾರ್ಕೀಸ್ ಸಹೋದರರು, ಅರ್ಮೇನಿಯಾ ಮೂಲದವರು, ಹೋಟೆಲ್ ತೆರೆದಾಗ ಅದು ಹತ್ತು ಕೋಣೆಯ ಬಂಗಲೆ. ನೀವು ಹೇಳುವ ದೊಡ್ಡ ಬಿಳಿ ಕಟ್ಟಡ ಬಂದದ್ದು 1899ರಲ್ಲಿ. ಇಸವಿ ಒಂದು ಕಟ್ಟಡದ್ದು, ಚಿತ್ರ ಇನ್ನೊಂದರದ್ದು! ನಮ್ಮ ರೇಸ್‌ಕೋರ್ಸ್ ರಸ್ತೆಯ ವೆಸ್ಟ್ ಎಂಡ್ ಕೂಡ 1887ರದ್ದೇ. ಅದರ ತಟ್ಟೆ ಯಾರ ಹತ್ತಿರವಾದರೂ ಇದ್ದರೆ ಫೋಟೋ ಹಾಕಿ, ನಾನು ಹುಡುಕುತ್ತಿದ್ದೇನೆ.

ಲಾಲ್‌ಬಾಗ್ ವಾಕರ್:
ಆ ಬೀಸಣಿಗೆ ಮರ ಟ್ರಾವೆಲರ್ಸ್ ಪಾಮ್. ಹೆಸರಿಗೆ ಪಾಮ್, ಆದರೆ ತೆಂಗು ಅಡಿಕೆಗಿಂತ ಬಾಳೆಗೇ ಹತ್ತಿರದ ನೆಂಟ. ಎಲೆ ಬುಡದಲ್ಲಿ ಮಳೆ ನೀರು ನಿಲ್ಲುತ್ತದೆ. ಪಿಂಗಾಣಿ ಬಗ್ಗೆ ಏನೂ ಗೊತ್ತಿಲ್ಲ, ಸುಮ್ನೆ ಹೇಳಿದೆ.

ಗಾಂಧಿಬಜಾರ್ ವಾಣಿ:
ಎಲ್ಲರಿಗೂ ಥ್ಯಾಂಕ್ಸ್. ಬೆರಳು ಚೆನ್ನಾಗಿಯೇ ಕಂಡಿತು ಮಾಮ, ಉಂಗುರದ ಸಮೇತ. ಬಣ್ಣವೂ ಕೆನೆಯದ್ದೇ. ಆದರೂ ಅಮ್ಮನಿಗೆ ಸಮಾಧಾನ ಇಲ್ಲ, "ಚೀಟಿ ತೆಗಿ" ಅಂದರು. ಒದ್ದೆ ಬಟ್ಟೆ ಇಟ್ಟು ತೆಗೆದೆ. 'ಬೋನ್' ಅಂತಲೇ ಇದೆ.

ನೀವು ಹೇಳಿದ ಬೂದಿಯ ಕಥೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ದೇವರ ಸಾಲಿನಲ್ಲಿ ಬೇಡ. ಕೆಳಗೆ ರಾಗಿ ಪೈರಿನ ಪಾರ್ಕ್ ಮಾಡ್ತೀಯಲ್ಲ, ಅಲ್ಲಿ ನಿಲ್ಲಿಸು. ಅರಮನೆ ಅನ್ನಬೇಡ, ಹೋಟೆಲ್ ಅನ್ನು" ಅಂದರು. ಪಕ್ಕದಲ್ಲಿ ಚನ್ನಪಟ್ಟಣದ ಎತ್ತಿನಗಾಡಿ ಇಟ್ಟಿದ್ದೇನೆ. ಗಿರಾಕಿಗಳು ಬಂದಿಳಿದ ಹಾಗಿದೆ.