ಯಾವ ಚಾಕು ಜಾಸ್ತಿ ದಿನ ಹರಿತವಾಗಿರುತ್ತದೆ?

ಪ್ರಶ್ನೆ: ಸರ್, ನನ್ನ ಹತ್ತಿರ ಮೂರು ಚಾಕು ಇವೆ. ಒಂದು ಸಾದಾ ಸ್ಟೇನ್‌ಲೆಸ್, ಒಂದು ಕಾರ್ಬನ್ ಸ್ಟೀಲ್, ಒಂದು ಬಿಳಿ ಸೆರಾಮಿಕ್. ಸ್ಟೇನ್‌ಲೆಸ್ ಎರಡೇ ವಾರಕ್ಕೆ ಮೊಂಡಾಗುತ್ತದೆ. ಸೆರಾಮಿಕ್ ವರ್ಷವಾದರೂ ಕತ್ತರಿಸುತ್ತಿದೆ, ಆದರೆ ತುದಿ ಮುರಿದುಹೋಯಿತು. ಹೊಸದು ತಗೊಳ್ಳೋಣ ಅಂತಿದ್ದೇನೆ. ಯಾವ ಸ್ಟೀಲ್ ಒಳ್ಳೆಯದು?

ಉತ್ತರ: ಸಾಣೆ ಹಿಡಿಯುವುದೇ ನನ್ನ ಕೆಲಸ. ಅದಕ್ಕೇ ಮೊದಲು ನಾನೇ ಒಂದು ಕೇಳುತ್ತೇನೆ. ನಿಮ್ಮ ಸ್ಟೇನ್‌ಲೆಸ್ ಚಾಕುವಿನ ಬಾಯಿ ಸವೆದಿದೆಯೋ, ಬಾಗಿದೆಯೋ? ಎರಡೂ ಬೇರೆ ರೋಗ.

ಬಲ್ಬಿನ ಕೆಳಗೆ ಬಾಯಿ ಮೇಲೆ ಮಾಡಿ ಹಿಡಿಯಿರಿ. ಹರಿತ ಇದ್ದ ಕಡೆ ಏನೂ ಕಾಣುವುದಿಲ್ಲ. ಮೊಂಡಾದ ಕಡೆ ಬೆಳ್ಳಗೆ ಮಿಂಚುತ್ತದೆ. ಆಮೇಲೆ ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಬಾಯಿಯ ಆಚೆಗೆ ಮೆಲ್ಲಗೆ ಸವರಿ. (ಉದ್ದಕ್ಕೆ ಎಳೆಯಬೇಡಿ, ಕೊಯ್ದುಕೊಳ್ಳುತ್ತೀರಿ!) ಒಂದು ಪಕ್ಕ ನುಣ್ಣಗಿದ್ದು ಇನ್ನೊಂದು ಪಕ್ಕ ಚರ್ಮಕ್ಕೆ ತೊಡರಿದರೆ, ಬಾಯಿ ಆ ಕಡೆ ಬಾಗಿದೆ ಅಂತ ಲೆಕ್ಕ.

ಸಾದಾ ಅಡುಗೆಮನೆ ಸ್ಟೇನ್‌ಲೆಸ್‌ನಲ್ಲಿ ಕಾರ್ಬನ್ ಸುಮಾರು ಶೇ. 0.5, ಗಡಸುತನ ರಾಕ್‌ವೆಲ್ ಅಳತೆಯಲ್ಲಿ 55ರಿಂದ 57. ಮೆತ್ತಗಿನ ಉಕ್ಕು, ಹಾಗಾಗಿ ಮುರಿಯುವ ಬದಲು ಬಾಗುತ್ತದೆ. ಹೋನಿಂಗ್ ರಾಡ್ (ಬಾಯಿ ನೆಟ್ಟಗೆ ಮಾಡುವ ಕೋಲು) ಮೇಲೆ ನಾಲ್ಕು ಸಲ ಎಳೆದರೆ ಮತ್ತೆ ನೆಟ್ಟಗಾಗುತ್ತದೆ. ಸುಮಾರು ಜನ ಇದನ್ನೇ 'ಹಾಳಾಯಿತು' ಅಂತ ಎಸೆಯುತ್ತಾರೆ. ನನಗೆ ಹೊಟ್ಟೆ ಉರಿಯುತ್ತದೆ.

ಕಾರ್ಬನ್ ಸ್ಟೀಲನ್ನು 60ರ ಮೇಲೂ ಗಡಸು ಮಾಡಬಹುದು, ಕಲ್ಲಿನ ಮೇಲೆ ಬೇಗ ಹರಿತವಾಗುತ್ತದೆ. ಆದರೆ ಸವೆತ ತಡೆಯುವುದರಲ್ಲಿ ಜನ ಅಂದುಕೊಂಡಷ್ಟು ಗಟ್ಟಿಯಲ್ಲ. ಹುಳಿ ತಾಗಿದ ಚಾಕುವನ್ನು ಒರೆಸದೆ ಬಿಟ್ಟರೆ, ಏನೂ ಕತ್ತರಿಸದೆಯೇ ಬಾಯಿ ಮಂದವಾಗುತ್ತದೆ. ತುಕ್ಕು ಮೊದಲು ತಿನ್ನುವುದು ತೆಳ್ಳಗಿನ ಭಾಗವನ್ನೇ ಅಲ್ವಾ?

ಸೆರಾಮಿಕ್ ಅಂದರೆ ಜಿರ್ಕೋನಿಯಾ. ಬಾಗುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಬದಲಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಉದುರುತ್ತವೆ. ನಿಮ್ಮದು ವರ್ಷದಿಂದ ಕತ್ತರಿಸುತ್ತಿರುವುದು ನಿಜ, ಆದರೆ ಮೊದಲ ದಿನದ ಹರಿತ ಈಗ ಇರುವುದಿಲ್ಲ. ಪೇಪರ್ ಕೊಯ್ದು ನೋಡಿ, ಗೊತ್ತಾಗುತ್ತದೆ.

ಮರುಪ್ರಶ್ನೆ (ಇನ್ನೊಬ್ಬ ಸದಸ್ಯರು): ಹಾಗಾದರೆ ಎಸ್90ವಿ ಥರದ ಪೌಡರ್ ಸ್ಟೀಲ್ (ಉಕ್ಕಿನ ಪುಡಿಯನ್ನು ಒತ್ತಿ ಮಾಡಿದ್ದು)? ಪರೀಕ್ಷೆಗಳಲ್ಲಿ ಅದೇ ಮುಂದಿದೆಯಲ್ಲ.

ಉತ್ತರ: ಹೌದು, ಮುಂದಿದೆ. ಅದರಲ್ಲಿ ಕಾರ್ಬನ್ ಶೇ. 2.3, ವನೇಡಿಯಂ ಅನ್ನೋ ಲೋಹ ಶೇ. 9. ಎರಡೂ ಸೇರಿ ಉಕ್ಕಿನೊಳಗೆ ವನೇಡಿಯಂ ಕಾರ್ಬೈಡ್ ಕಾಳುಗಳಾಗುತ್ತವೆ. ಅವು ಸಾಮಾನ್ಯ ಸಾಣೆಕಲ್ಲಿನ ಅಲ್ಯೂಮಿನಿಯಂ ಆಕ್ಸೈಡ್‌ಗಿಂತಲೂ ಗಟ್ಟಿ. ಸವೆಯದೆ ಉಳಿಯುವುದು ಅದಕ್ಕೇ, ಮಸೆಯುವಾಗ ಕೈ ಸೋಲುವುದೂ ಅದಕ್ಕೇ. ಡೈಮಂಡ್ ಕಲ್ಲು ಇಲ್ಲದೆ ಅದನ್ನು ಮುಟ್ಟಬೇಡಿ.

ನೀವು ಹೇಳುವ ಪರೀಕ್ಷೆ ಬಹುಶಃ ಚಾಕುವಿನ ಹರಿತ ಅಳೆಯುವ ಕ್ಯಾಟ್ರಾ ಯಂತ್ರದ್ದು, ಅದರ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 8442-5. ಅದರಲ್ಲಿ ಶೇ. 5ರಷ್ಟು ಸಿಲಿಕಾ (ಮರಳಿನಂಥ ಪುಡಿ) ಬೆರೆಸಿದ ಕಾರ್ಡುಗಳನ್ನು 50 ನ್ಯೂಟನ್ ಬಲದಲ್ಲಿ ಕತ್ತರಿಸುತ್ತಾ ಹೋಗುತ್ತಾರೆ. ಅಂದರೆ ಮುಖ್ಯವಾಗಿ ಸವೆತದ ಪರೀಕ್ಷೆ. ಚಾಕು ಹಲಗೆಗೆ ಬಡಿಯುವುದು, ಮೂಳೆಗೆ ತಾಗುವುದು, ಒದ್ದೆ ಬಿಡುವುದು, ಇವು ಯಾವುದೂ ಅದರಲ್ಲಿಲ್ಲ. ದಿನವಿಡೀ ರಟ್ಟು, ಹಗ್ಗ ಕೊಯ್ಯುವವರಾದರೆ ಕಣ್ಣು ಮುಚ್ಚಿ ತಗೊಳ್ಳಿ. ಅಡುಗೆಮನೆಗೆ ಸುಮ್ನೆ ತಲೆನೋವು.

ಇನ್ನೊಂದು, ಒಂದೇ ಸ್ಟೀಲನ್ನು ಬಾಯಿಯ ಒಂದೊಂದು ಪಕ್ಕಕ್ಕೂ 20 ಡಿಗ್ರಿ ಬದಲು 15ಕ್ಕೆ ಮಸೆದರೂ ಆ ಯಂತ್ರದಲ್ಲಿ ಜಾಸ್ತಿ ಕಾರ್ಡು ಕತ್ತರಿಸುತ್ತದೆ. ಕೋನದ ಬಗ್ಗೆ ಯಾರೂ ಕೇಳುವುದೇ ಇಲ್ಲ.

ಮೊದಲು ಕೇಳಿದವರು: ಬೆರಳಿಟ್ಟು ನೋಡಿದೆ ಸರ್, ಎಡಗಡೆ ತೊಡರುತ್ತಿದೆ. ಅಂದಹಾಗೆ ನಾನು ಬಳಸುವುದು ಗಾಜಿನ ಹಲಗೆ. ಅದೇನಾದರೂ ಕಾರಣವಾ?

ಉತ್ತರ: ಅಯ್ಯೋ, ಅದನ್ನು ಮೊದಲೇ ಹೇಳಬಾರದಿತ್ತಾ! ಗಾಜು ಒಂಚೂರೂ ಮಣಿಯುವುದಿಲ್ಲ, ಪ್ರತಿ ಏಟಿಗೂ ಮಣಿಯುವುದು ಚಾಕುವಿನ ಬಾಯಿಯೇ. ಮರದ ಹಲಗೆ ತನ್ನಿ, ರಾಡ್ ಮೇಲೆ ಎಡಬಲ ಎರಡೆರಡು ಸಲ ಎಳೆಯಿರಿ. ಹೊಸ ಚಾಕು ಈಗಲೇ ಬೇಡ. ಎರಡು ವಾರ ಬಿಟ್ಟು ಮತ್ತೆ ಬಲ್ಬಿನ ಕೆಳಗೆ ಹಿಡಿದು ನೋಡಿ, ಇಲ್ಲೇ ಹೇಳಿ.