ಶಿವರಾತ್ರಿಗೆ ಡೊಂಕಾದ ಮಾದರಿ ಹಳಿ

ಪ್ರಶ್ನೆ (ಕಾರವಾರ): ಸರ್, ಅಟ್ಟದಲ್ಲಿ 6 ಮೀಟರ್ ಉದ್ದದ ಎಚ್‌ಒ (ನಿಜ ರೈಲಿನ 87ನೇ ಒಂದು ಪಾಲು ಅಳತೆಯ) ಮಾದರಿ ರೈಲುಮಾರ್ಗ ಕಟ್ಟಿದ್ದೇನೆ. ಹಳೆಯ ಮನೆಯ ಹಲಸಿನ ಹಲಗೆಗಳನ್ನು ಅಂಚಿಗೆ ಅಂಚು ಅಂಟಿಸಿ ಅಡ್ಡಲಾಗಿ ಹಾಸಿ, ಆಷಾಢದ ಮಳೆಯಲ್ಲೇ ಹಳಿ ಬಡಿದೆ. ದೀಪಾವಳಿಯವರೆಗೆ ಗಾಡಿ ಚೆನ್ನಾಗಿ ಓಡಿತು. ಶಿವರಾತ್ರಿಯ ಹೊತ್ತಿಗೆ ಮೂರು ಕಡೆ ಹಳಿ ಡೊಂಕಾಗಿ ಬೋಗಿಗಳು ಉರುಳುತ್ತಿವೆ. ಬಿಸಿಲಿಗೆ ಲೋಹ ಹಿಗ್ಗಿತೇ?

ಉತ್ತರ: ಬಿಸಿಲಿನ ತಲೆಗೆ ಎಲ್ಲವನ್ನೂ ಕಟ್ಟಬೇಡಿ. ತಾಪ 15 ಡಿಗ್ರಿ ಏರಿದರೂ 6 ಮೀಟರ್ ನಿಕಲ್ ಸಿಲ್ವರ್ (ತಾಮ್ರ, ನಿಕಲ್, ಸತುವಿನ ಮಿಶ್ರಲೋಹ) ಹಳಿ ಹಿಗ್ಗುವುದು ಸುಮಾರು ಒಂದೂವರೆ ಮಿಲಿಮೀಟರ್. ಕಳ್ಳ ಕೆಳಗಿದ್ದಾನೆ. ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಬಿಗಿದುಕೊಳ್ಳುವುದು ನಿಮಗೆ ಹೊಸತಲ್ಲ. ಮರ ತೇವ ಹೀರಿ ಹಿಗ್ಗುವುದು ಅಗಲಕ್ಕೆ. ಉದ್ದಕ್ಕೆ ಬಹಳ ಕಡಿಮೆ. ನೀವು ಅಡ್ಡ ಹಾಸಿದ್ದರಿಂದ ಪ್ರತಿ ಹಲಗೆಯ ಅಗಲವೂ ಹಳಿಯ ಉದ್ದದ ಲೆಕ್ಕಕ್ಕೆ ಸೇರಿತು. ಉಬ್ಬಿದ ಮರಕ್ಕೆ ಹಳಿ ಬಡಿದಿರಿ. ಮರ ಒಣಗಿ ಕುಗ್ಗಿತು, ಹಳಿ ಎಲ್ಲಿಗೆ ಹೋಗಬೇಕು?

ಹಲಗೆ ತೆಗೆದುಬಿಡಿ, ಹೊಟ್ಟೆ ಉರಿದರೂ ಸರಿ. 12 ಮಿ.ಮೀ. ಮರೈನ್ ಪ್ಲೈವುಡ್ ತಂದು ಎರಡೂ ಮೈಗೆ, ಮುಖ್ಯವಾಗಿ ಕೊಯ್ದ ಅಂಚಿಗೆ, ಬಣ್ಣ ಬಳಿಯಿರಿ. ನೇರ ದಾರಿಯಲ್ಲಿ ಗಜಕ್ಕೊಂದು ಕಡೆ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದು ಬಿಡಿ, ಅಲ್ಲಿ ಬೆಸುಗೆ ಬೇಡ. ತಿರುವಿನಲ್ಲಿ ಮಾತ್ರ ಎರಡು ತುಂಡುಗಳನ್ನು ನೇರವಾಗಿರುವಾಗಲೇ ಬೆಸೆದು ಆಮೇಲೆ ಬಗ್ಗಿಸಿ. ಇಲ್ಲದಿದ್ದರೆ ಕೂಡುವಲ್ಲಿ ಮೂಲೆ ಬರುತ್ತದೆ.

ಪ್ರಶ್ನೆ (ಅದೇ ಕಾರವಾರದವರು): ಸಂದು ಬಿಟ್ಟರೆ ವಿದ್ಯುತ್ ಹೇಗೆ ದಾಟುತ್ತದೆ ಸರ್?

ಉತ್ತರ: ಹಳಿ ತುಂಡುಗಳನ್ನು ಕೂಡಿಸುವ ಲೋಹದ ಜಾಯಿನರನ್ನು ನಂಬಬೇಡಿ. ಉಪ್ಪುಗಾಳಿಗೆ ಅದು ಬೇಗ ಕಿಲುಬುತ್ತದೆ. ಪ್ರತಿ ತುಂಡು ಹಳಿಗೂ ಅದರದೇ ತಂತಿ ಬೆಸೆದು ಹಾಸಿನ ಕೆಳಗೆ ಎಳೆದ, ಆ ಬದಿಯ ಹಳಿಗೆ ವಿದ್ಯುತ್ ಕೊಡುವ ದಪ್ಪ ತಂತಿಗೆ ಸೇರಿಸಿ. ಬೇಸರದ ಕೆಲಸವೇ, ಆದರೆ ಒಮ್ಮೆ ಮುಗಿಯುತ್ತದೆ. ಹಳಿ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಮರಳುಕಾಗದ ಉಜ್ಜಿದರೆ ಗೀರುಗಳಲ್ಲಿ ಕೊಳೆ ಕೂರುತ್ತದೆ. ಗಾಡಿ ಹಳಿ ತಪ್ಪಿದ ಜಾಗಕ್ಕೆ ಪ್ರತಿ ಸಲ ಸೀಮೆಸುಣ್ಣದ ಗುರುತು ಹಾಕಿ. ಒಂದೇ ಕಡೆ ಮೂರು ಗುರುತು ಬಿದ್ದರೆ ತಪ್ಪು ಹಳಿಯದು. ಒಂದೇ ಬೋಗಿ ಊರೆಲ್ಲ ಬಿದ್ದರೆ ಅದರ ಒಂದೇ ಅಚ್ಚಿನ ಎರಡು ಚಕ್ರಗಳ ನಡುವಿನ ಅಂತರ ಅಳೆಯಿರಿ.

ಪ್ರಶ್ನೆ (ಅಂಕೋಲಾ): ನಡುವೆ ಬಾಯಿ ಹಾಕುತ್ತಿದ್ದೇನೆ. ಜಲ್ಲಿಯ ಬದಲು ನಮ್ಮ ಕಡಲತೀರದ ಮರಳು ಆಗುತ್ತದೆಯೇ? ಪುಕ್ಕಟೆ ಸಿಗುತ್ತದೆ.

ಉತ್ತರ: ಪುಕ್ಕಟೆ ಎಂದೇ ಭಯ. ಅದರ ಉಪ್ಪು ತೇವ ಎಳೆದು ಬೆಸುಗೆಯನ್ನು ತಿನ್ನುತ್ತದೆ. ಹಾಕಲೇಬೇಕೆಂದರೆ ಸಿಹಿನೀರಿನಲ್ಲಿ ನಾಲ್ಕಾರು ಸಲ ತೊಳೆದು, ಒಣಗಿಸಿ, ಅಯಸ್ಕಾಂತ ಆಡಿಸಿ ನೋಡಿ. ಕಪ್ಪು ಕಣಗಳು ಅಂಟಿಕೊಂಡರೆ ಆ ಮರಳನ್ನು ತುಳಸಿಕಟ್ಟೆಯ ಬುಡಕ್ಕೆ ಸುರಿಯಿರಿ. ಎಂಜಿನ್ನಿನ ಮೋಟರು ಅವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.